ಹೊಂಗೆ ದೇವರಾದ ಮೇಲೆ

ನಮ್ಮ ಬೀದಿಯ ದೇವರು ಬಿಸಿಲಿಗೆ ಬಿದ್ದು ಈ ಯುಗಾದಿಗೆ ವರ್ಷವಾಯಿತು. ಈಗ ಅವನ ತಲೆಯ ಮೇಲೊಂದು ತಗಡಿನ ಚಪ್ಪರವಿದೆ. ಮಧ್ಯಾಹ್ನ ಆ ತಗಡು ಕಾದು ಕೆಳಗೆ ನಿಂತವರ ನೆತ್ತಿಯನ್ನೂ ಕಾಯಿಸುತ್ತದೆ. ಚಾಮರಾಜಪೇಟೆಯಲ್ಲಿ ದೇವರುಗಳಿಗೇನು ಬರವೇ, ಅವರಲ್ಲೊಬ್ಬನಿಗೆ ಸೆಕೆಯಾದರೆ ನಿಮಗೇನು ಎಂದು ನೀವು ಕೇಳಬಹುದು. ಆದರೆ ಈ ದೇವರು ಬರೀ ಮರವಾಗಿದ್ದಾಗಿನಿಂದ ನನಗೆ ಪರಿಚಯ. ಅದಕ್ಕೇ ಸಂಕಟ.

ಅದು ನಮ್ಮ ಗೇಟಿನೆದುರಿನ ಹೊಂಗೆ. ನನ್ನ ಹೆಂಡತಿ ಸಾವಿತ್ರಿ ಮದುವೆಯಾಗಿ ಈ ಮನೆಗೆ ಬಂದಾಗ ಅದು ಮೊಣಕಾಲುದ್ದದ ಗಿಡ. ಅಂದಿನಿಂದ ದಿನವೂ ಅಕ್ಕಿ ತೊಳೆದ ನೀರನ್ನು ಒಯ್ದು ಅದರ ಬುಡಕ್ಕೆ ಹೊಯ್ಯುತ್ತಿದ್ದಳು. ಪರಿಸರ ಎಂಬ ಮಾತು ಅವಳ ಬಾಯಲ್ಲಿ ಬಂದದ್ದು ನಾನು ಕೇಳಿಲ್ಲ. ಒಳ್ಳೇ ನೀರು ಮೋರಿಗೆ ಯಾಕೆ ಹೋಗಬೇಕು ಎನ್ನುವುದಷ್ಟೇ ಅವಳ ವಾದ. ಪರಿಸರದ ಮಾತೆಲ್ಲ ನನ್ನ ಪಾಲಿಗಿತ್ತು. ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತಿದ್ದ ನಾನು ಪ್ರತಿ ಜೂನ್‌ನಲ್ಲೂ ವೃಕ್ಷಮಹಿಮೆಯ ಬಗ್ಗೆ ಭಾಷಣ ಮಾಡುತ್ತಿದ್ದೆ, ನಡುನಡುವೆ ಪ್ಲಾಸ್ಟಿಕ್ ಬಾಟಲಿಯ ನೀರು ಕುಡಿಯುತ್ತ.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ರಸ್ತೆ ಅಗಲ ಮಾಡುವವರು ಬಂದು ಮರಕ್ಕೆ ಕೆಂಪು ಬಣ್ಣದ ಗುರುತು ಹಾಕಿ ಹೋದರು. ಬೀದಿಯವರೆಲ್ಲ ನಮ್ಮ ಜಗಲಿಯಲ್ಲಿ ಸೇರಿದೆವು. ಫಲಕ ಹಿಡಿದು ನಿಲ್ಲುವುದೆಂದಾಯಿತು. ಬರಹದ ಹೊಣೆ ನನಗೆ ಬಂತು. ನಾನು ಬರೆದ ವಾಕ್ಯ ಎಂಥದೆಂದರೆ, ಸ್ಕೂಟರಿನಲ್ಲಿ ಹೋಗುವವರು ಕರ್ತೃಪದ ಓದಿ ಮುಗಿಸುವಷ್ಟರಲ್ಲಿ ಮುಂದಿನ ಸರ್ಕಲ್ ದಾಟಿರುತ್ತಿದ್ದರು. ಕ್ರಿಯಾಪದದವರೆಗೆ ತಲುಪಿದವರು ಯಾರೂ ಇದ್ದಂತಿಲ್ಲ. ಪಾಲಿಕೆ ಕಚೇರಿಗೆ ಮನವಿ ಕೊಡಲು ಹೋದಾಗ ಅಲ್ಲಿನ ಸಾಹೇಬರು ಕಾಫಿ ಕೊಟ್ಟು, ಸೋಮವಾರ ಗರಗಸ ಬರುತ್ತದೆ ಎಂದು ಮರ್ಯಾದೆಯಾಗಿ ತಿಳಿಸಿದರು.

ಆಗ ಎದುರುಮನೆಯ ರಾಮೇಗೌಡರು ಒಂದು ಉಪಾಯ ಹೇಳಿದರು. ಅವರದು ಬಳೇಪೇಟೆಯಲ್ಲಿ ಸಗಟು ವ್ಯಾಪಾರ, ಹುಟ್ಟಿದ್ದು ಮಾಗಡಿ ಕಡೆಯ ಹಳ್ಳಿಯಲ್ಲಿ. ಅವರ ಊರಿನಲ್ಲಿ ದೇವರಿಗೆ ಬಿಟ್ಟ ಮರಗಳ ಕಡ್ಡಿಯನ್ನೂ ಯಾರೂ ಮುರಿಯುವುದಿಲ್ಲವಂತೆ.

"ಮೇಷ್ಟ್ರೇ, ಮರಕ್ಕಾದ್ರೆ ಗರಗಸ ಇಡ್ತಾರೆ. ದೇವ್ರಿಗೆ ಇಡಕ್ಕೆ ಎದೆ ಬೇಕು," ಎಂದರು.

ಆ ಕೆಂಪು ಗುರುತಿನ ಮೇಲೆ ಅವರೇ ಅರಿಶಿನ ಬಳಿದು ಕುಂಕುಮ ಇಟ್ಟರು. ಹಳದಿ ಬಟ್ಟೆ ಸುತ್ತಿ, ಬುಡಕ್ಕೆ ಒಂದು ಕರಿಕಲ್ಲು ಒರಗಿಸಿದರು. ಶಾಸ್ತ್ರದ ಆಧಾರ ಹುಡುಕುವ ಕೆಲಸ ಮತ್ತೆ ನನ್ನ ಪಾಲಿಗೆ. ಅಶ್ವತ್ಥಕ್ಕೆ, ಬಿಲ್ವಕ್ಕೆ, ಅತ್ತಿಗೆ ಬೇಕಾದಷ್ಟು ಶ್ಲೋಕಗಳಿವೆ. ಹೊಂಗೆ ಮಾತ್ರ ಕರಂಜ ಎಂಬ ಹೆಸರಿನಲ್ಲಿ ವೈದ್ಯಗ್ರಂಥಗಳಲ್ಲಿ ಕಜ್ಜಿ ತುರಿಕೆಗಳ ನಡುವೆ ಕೂತಿತ್ತು. ಕಜ್ಜಿ ವಾಸಿಮಾಡುವವನಿಗೆ ದೇವರಾಗಲು ಇನ್ನೇನು ಅರ್ಹತೆ ಬೇಕು ಎಂದು ಸಮಾಧಾನ ಮಾಡಿಕೊಂಡೆ.

ಸೋಮವಾರ ಗರಗಸದವರು ಬಂದರು. ಮರ ನೋಡಿದರು, ಚಪ್ಪಲಿ ಕಳಚಿದರು, ಕೈ ಮುಗಿದು ವಾಪಸ್ ಹೋದರು. ಅಂದು ಬೀದಿಗೆಲ್ಲ ಪಾನಕ, ಕೋಸಂಬರಿ. ನನ್ನ ಜೀವನದಲ್ಲಿ ನಾನು ಗೆದ್ದ ಹೋರಾಟ ಅದೊಂದೇ.

ಮರವನ್ನು ದೇವರು ಮಾಡುವುದು ಸುಲಭ. ಆಮೇಲೆ ಅದನ್ನು ಮರದಂತೆ ನಡೆಸಿಕೊಳ್ಳುವುದು ಸಾಧ್ಯವಿಲ್ಲ. ಒಂದು ದಿನ ಸಾವಿತ್ರಿ ಎಂದಿನಂತೆ ಪಾತ್ರೆ ಹಿಡಿದು ಹೋದಾಗ, ಪೂಜೆಗೆ ಬಂದಿದ್ದವರು ತಡೆದರು. ಅಡುಗೆಮನೆಯ ನೀರನ್ನು ದೇವರಿಗೆ ಹಾಕುವುದುಂಟೇ? ಅದರ ಬದಲು ಹಾಲಿನ ಅಭಿಷೇಕ ಶುರುವಾಯಿತು. ಮರ ಹಾಲು ಕುಡಿಯುವುದಿಲ್ಲ. ಅದು ಹುಳಿನಾತ ಬೀರುತ್ತ ಮೋರಿ ಸೇರುತ್ತಿತ್ತು. ಫೋಟೋಗಳಿಗೆಂದು ಕಾಂಡಕ್ಕೆ ಮೊಳೆ ಹೊಡೆದರು. ಕರ್ಪೂರದ ಉರಿಗೆ ತೊಗಟೆ ಕಪ್ಪಾಯಿತು. ಮಾರ್ಕೆಟ್ಟಿನಿಂದ ಹೂ ತಂದವರು ಹೂವನ್ನು ದೇವರಿಗೆ ಕೊಟ್ಟು, ಪ್ಲಾಸ್ಟಿಕ್ ಕವರನ್ನು ಬೀದಿಗೆ ಕೊಟ್ಟು ಹೋಗುತ್ತಿದ್ದರು. ಬಟ್ಟೆಚೀಲ ತನ್ನಿ ಎಂದು ನಾನು ಉಪದೇಶಿಸಿದರೆ, ಮಡಿಗೆ ಕವರೇ ಒಳ್ಳೆಯದು ಸಾರ್ ಎನ್ನುತ್ತಿದ್ದರು.

ಕೊನೆಗೆ ಕಟ್ಟೆ ಬಂತು. ಅಂಗಡಿಯಲ್ಲಿ ಒಳ್ಳೆಯ ವ್ಯಾಪಾರವಾದ ವರ್ಷ ರಾಮೇಗೌಡರು ಹರಕೆ ತೀರಿಸಲು ಕಾಂಡಕ್ಕೆ ಒತ್ತಿ ಸಿಮೆಂಟ್ ಹಾಕಿಸಿ, ಮೇಲೆ ಗುಲಾಬಿ ಬಣ್ಣದ ಟೈಲ್ಸ್ ಕೂರಿಸಿದರು. ಅಶ್ವತ್ಥಕ್ಕೆ ಇಂಥ ಉಪಚಾರ ಅಭ್ಯಾಸ. ಅದಕ್ಕೆ ನಾವು ಉಪನಯನ ಮಾಡುತ್ತೇವೆ, ಬೇವಿನ ಜೊತೆ ಮದುವೆ ಮಾಡುತ್ತೇವೆ. ಸಿಟ್ಟು ಬಂದರೆ ಅದು ಗೋಪುರವನ್ನೇ ಸೀಳಬಲ್ಲದು. ಹೊಂಗೆ ಪಾಪದ ಪ್ರಾಣಿ. ಕೊಟ್ಟ ನೀರು ಕುಡಿದು, ಯುಗಾದಿಯ ಆಚೀಚೆ ನೆಲದ ತುಂಬ ಅರಳು ಚೆಲ್ಲಿದಂತೆ ಹೂ ಉದುರಿಸಿ ಸುಮ್ಮನಿರುವ ಮರ ಅದು.

ಕಟ್ಟೆ ಮುಗಿದ ಸಂಜೆ ಸಾವಿತ್ರಿ ಗೇಟಿನಲ್ಲಿ ನಿಂತು ನೋಡಿದಳು. "ಮಣ್ಣೇ ಕಾಣ್ತಿಲ್ವಲ್ರೀ," ಎಂದಳು. ನಾನು ಟೈಲ್ಸ್ ಚೆನ್ನಾಗಿದೆ ಎಂದೆ.

ಒಂದು ಯುಗಾದಿಗೆ ಹೊಂಗೆ ಚಿಗುರಲಿಲ್ಲ. ಕೊಂಬೆಗಳು ತುದಿಯಿಂದ ಒಣಗುತ್ತ ಬಂದವು. ಗೌಡರು ವಿಶೇಷ ಪೂಜೆ ಮಾಡಿಸಿದರು. ಬುಡಕ್ಕೆ ಉಸಿರಾಡಲು ಜಾಗ ಬೇಕು, ಕಟ್ಟೆ ಒಡೆಸೋಣ ಎಂದು ನಾನು ಮೆಲ್ಲನೆ ಹೇಳಿದೆ. ಅವರ ಕಣ್ಣಲ್ಲಿ ನೀರು ತುಂಬಿತು.

"ದೇವ್ರ ಕಟ್ಟೆ ಒಡೆಯೋ ಕೈ ನಂದಲ್ಲ ಮೇಷ್ಟ್ರೇ. ಬೇಕಾದ್ರೆ ನೀವು ಒಡೀರಿ, ನಾನು ಬೇಡ ಅನ್ನಲ್ಲ."

ಅವರೇ ಮನೆಯಿಂದ ಹಾರೆ ತಂದುಕೊಟ್ಟರು. ನಾನು ಅದನ್ನು ಹಿಡಿದು ಕಟ್ಟೆಯ ಮುಂದೆ ನಿಂತೆ. ದೀಪ ಉರಿಯುತ್ತಿತ್ತು, ಕುಂಕುಮ ಹಸಿಯಾಗಿತ್ತು. ಇದು ಶಾಸ್ತ್ರದ ಆಧಾರವಿಲ್ಲದ ದೇವರು ಎಂದು ನನಗಿಂತ ಚೆನ್ನಾಗಿ ಬಲ್ಲವರು ಬೀದಿಯಲ್ಲಿ ಇರಲಿಲ್ಲ. ಆದರೂ ಕೈ ಏಳಲಿಲ್ಲ. ಗರಗಸದವರನ್ನು ಓಡಿಸಿದ ಭಯ ನಮ್ಮನ್ನೂ ಬಿಡಲಿಲ್ಲ. ಹಾರೆಯನ್ನು ಗೌಡರಿಗೆ ವಾಪಸ್ ಕೊಟ್ಟು ಮನೆಗೆ ಬಂದೆ.

ಒಣಕೊಂಬೆ ಯಾರ ತಲೆಯ ಮೇಲಾದರೂ ಬಿದ್ದೀತೆಂದು ಗರಗಸದವರನ್ನು ಮತ್ತೆ ಕರೆಸಬೇಕಾಯಿತು. ಈ ಸಲ ಕರೆದವರು ನಾವೇ. ಅವರು ಚಪ್ಪಲಿ ಕಳಚಿ, ಕೈ ಮುಗಿದು, ಮರವನ್ನು ಕಡಿದರು. ಕಟ್ಟೆಗೂ ಅದರ ಮೇಲೆ ಉಳಿದ ಕರಿಕಲ್ಲಿಗೂ ಒಂದು ಗೀರೂ ಬೀಳದಂತೆ ನೋಡಿಕೊಂಡರು. ರಸ್ತೆ ಕಟ್ಟೆಯನ್ನು ಬಳಸಿಕೊಂಡು ಹೋಗುತ್ತದೆ, ಇವತ್ತಿಗೂ ಅಗಲವಾಗಿಲ್ಲ. ಅಷ್ಟರ ಮಟ್ಟಿಗೆ ನಮ್ಮ ಹೋರಾಟಕ್ಕೆ ಜಯವೇ.

ಸಾವಿತ್ರಿ ಈಗಲೂ ಕೆಲವು ದಿನ ಅಭ್ಯಾಸಬಲದಿಂದ ಪಾತ್ರೆ ಹಿಡಿದು ಗೇಟಿನವರೆಗೆ ಬರುತ್ತಾಳೆ. ಅಲ್ಲಿ ನೆನಪಾಗಿ, ಒಂದು ಗಳಿಗೆ ನಿಂತು, ನೀರನ್ನು ಮೋರಿಗೆ ಹೊಯ್ದು ಒಳಗೆ ಹೋಗುತ್ತಾಳೆ. ನಾನು ಹೊರಗೆ ಹೊರಟರೆ ಮೊದಲ ಹೆಜ್ಜೆಗೇ ಬಿಸಿಲು ಕಣ್ಣಿಗೆ ಕುಕ್ಕುತ್ತದೆ. ಕೈ ತಾನಾಗಿ ಹಣೆಗೆ ಹೋಗುತ್ತದೆ. ನಿವೃತ್ತಿಯಾದ ಮೇಲೆ ಮೇಷ್ಟ್ರಿಗೆ ಭಕ್ತಿ ಜಾಸ್ತಿಯಾಗಿದೆ, ದೇವರಿಗೆ ನಮಸ್ಕಾರ ಮಾಡದೆ ಮುಂದೆ ಹೋಗುವುದಿಲ್ಲ ಎಂದು ಬೀದಿಯವರು ಹೇಳಿಕೊಳ್ಳುತ್ತಾರಂತೆ. ನಾನು ತಿದ್ದಲು ಹೋಗಿಲ್ಲ. ಕೈ ಇಳಿಸಿದರೆ ಬಿಸಿಲು ತಡೆಯಲಾಗುವುದಿಲ್ಲ.