ತಂತಿ ಗುಮಾಸ್ತನ ಕೊನೆಯ ಮಾತು

ನೆದರ್ಲೆಂಡ್ಸಿಗೆ ಬಂದ ಎರಡನೆಯ ವಾರ, ನನ್ನ ಬಾಲ್ಯದಲ್ಲಿ ಗುಂಡೇಟು ತಿಂದು ಸತ್ತಿದ್ದ ಮನುಷ್ಯನೊಬ್ಬ ಎದುರುಮನೆಯ ಕಿಟಕಿಯಲ್ಲಿ ಕೂತು ಸೇಬು ಹೆಚ್ಚುತ್ತಿರುವುದನ್ನು ಕಂಡೆ. ಇಲ್ಲಿನ ಮನೆಗಳ ಮುಂಗಿಟಕಿಗಳು ಗೋಡೆಯಷ್ಟೇ ದೊಡ್ಡವು. ಹಗಲಲ್ಲಿ ಪರದೆ ಎಳೆಯುವವರು ಕಡಿಮೆ. ರಸ್ತೆಯಲ್ಲಿ ಹೋಗುವವನಿಗೆ ಸೋಫಾ, ಹೂಕುಂಡ, ಊಟದ ತಟ್ಟೆ ಎಲ್ಲವೂ ಕಾಣುತ್ತದೆ, ಆದರೆ ನಿಂತು ನೋಡಬಾರದು. ಧಾರವಾಡದಲ್ಲಿ ಬಾಗಿಲು ತೆರೆದಿರುತ್ತಿತ್ತು, ಕಿಟಕಿ ಮುಚ್ಚಿರುತ್ತಿತ್ತು. ಇಲ್ಲಿ ಅದರ ತಿರುಗುಮುರುಗು. ನಾನು ನಿಂತು ನೋಡಿದೆ. ಉದ್ದ ಮುಖ, ಜೋತುಬಿದ್ದ ರೆಪ್ಪೆ, ಸದಾ ಕ್ಷಮೆ ಕೇಳುತ್ತಿರುವಂಥ ಬಾಯಿ. ಇಡೀ ದೇಶದಲ್ಲಿ ನನ್ನನ್ನು ಬಲ್ಲವರು ಹೆಂಡತಿ ಶೈಲಾ ಮತ್ತು ಆಫೀಸಿನ ಮೂರ್ನಾಲ್ಕು ಜನ. ಅಂಥ ಊರಲ್ಲಿ ನನಗೆ ಗುರುತಿರುವ ಮುಖ ಎಲ್ಲಿಂದ ಬಂತು?

ನಾವು ಇರುವುದು ನ್ಯೂವೆಗೈನ್‌ನಲ್ಲಿ. ಯುಟ್ರೆಕ್ಟ್‌ನ ದಕ್ಷಿಣಕ್ಕಿರುವ, ಕಚೇರಿ ಕಟ್ಟಡಗಳೇ ಹೆಚ್ಚಿರುವ ಪಟ್ಟಣ. ಯುಟ್ರೆಕ್ಟ್‌ನಲ್ಲೇ ಮನೆ ಹುಡುಕಿದೆವು, ಸಿಗಲಿಲ್ಲ. ಒಂದು ಮನೆ ನೋಡಲು ಹೋದರೆ ನಮ್ಮ ಮುಂದೆ ಸಾಲು ಇರುತ್ತಿತ್ತು. ನನ್ನ ಕೆಲಸ ಸಂಖ್ಯಾಶಾಸ್ತ್ರದ್ದು. ಸಮೀಕ್ಷೆಯಲ್ಲಿ ಜನ ಕೊಡುವ ಉತ್ತರಗಳನ್ನು ಎಷ್ಟು ನಂಬಬಹುದು ಎಂದು ಲೆಕ್ಕ ಹಾಕುವುದು. ಕಳೆದ ತಿಂಗಳು ಎಷ್ಟು ಸಲ ಬಸ್ಸು ಹತ್ತಿದಿರಿ ಎಂದು ಕೇಳಿದರೆ ಜನ ಸುಳ್ಳು ಹೇಳುವುದಿಲ್ಲ, ಆದರೆ ನಿಜವನ್ನೂ ಹೇಳುವುದಿಲ್ಲ. ವಿಶ್ವವಿದ್ಯಾಲಯದಲ್ಲಿ ಕಲಿತ ಈ ಅನುಮಾನ ಈಗ ಸ್ವಭಾವವೇ ಆಗಿಬಿಟ್ಟಿದೆ. ಊರಲ್ಲಿದ್ದಾಗ ಅದನ್ನು ಬೇರೆಯವರ ಮೇಲೆ ಪ್ರಯೋಗಿಸುತ್ತಿದ್ದೆ. ಇಲ್ಲಿ ಅದು ನನ್ನ ಮೇಲೇ ತಿರುಗಿತು.

ಆ ಮುದುಕರ ಹೆಸರು ಕೀಸ್. ನಾವು ಬಂದ ತಿಂಗಳೊಳಗೆ ಕಾಫಿಗೆ ಕರೆದರು. ಇಲ್ಲಿ ಕರೆಯುವುದೆಂದರೆ ದಿನ, ಗಂಟೆ ಎಲ್ಲ ಗೊತ್ತುಮಾಡಿ ಕರೆಯುವುದು. ಅದಕ್ಕೆ ಅಫ್‌ಸ್ಪ್ರಾಕ್ ಎನ್ನುತ್ತಾರೆ. ದಂತವೈದ್ಯರಿಗೂ ಅದೇ ಮಾತು, ಸ್ನೇಹಕ್ಕೂ ಅದೇ ಮಾತು. ಕಾಫಿಯ ಜೊತೆ ಒಂದು ಬಿಸ್ಕತ್ತು ಕೊಟ್ಟು ಡಬ್ಬಿಯನ್ನು ಮುಚ್ಚಿ ಒಳಗಿಟ್ಟರು. ಶೈಲಾ ನನ್ನ ಕಾಲು ತುಳಿದಳು. ಮೈಸೂರಿನ ಅವಳ ತವರಲ್ಲಿ ಬಂದವರ ಮುಂದೆ ಡಬ್ಬಿ ಮುಚ್ಚಿದರೆ ಜಗಳವಾಗುತ್ತದೆ.

ಕೀಸ್ ನಟರಾಗಿದ್ದರು. ನಾಯಕರಲ್ಲ, ಖಳರೂ ಅಲ್ಲ. ಪ್ರಾಯದಲ್ಲಿ ಸ್ಪೇನ್‌ನ ಒಣಭೂಮಿಗೆ ಹೋಗಿ, ಅಲ್ಲಿ ಅಮೆರಿಕದ ವೇಷ ಹಾಕಿದ ಊರುಗಳಲ್ಲಿ ತೆಗೆಯುತ್ತಿದ್ದ ಕುದುರೆ, ಬಂದೂಕಿನ ಟೀವಿ ಧಾರಾವಾಹಿಗಳಲ್ಲಿ ಸಣ್ಣ ಪಾತ್ರ ಮಾಡಿದರು. ಹೆದರುವ ಕ್ಷೌರಿಕ, ಹೆಣದ ಪೆಟ್ಟಿಗೆ ಮಾಡುವವನು, ಜೂಜಿನ ಮೇಜಿಂದ ಮೊದಲು ಏಳುವವನು. ಆಮೇಲೆ ಊರಿಗೆ ಮರಳಿ ಡಚ್ ಹಾಸ್ಯ ಧಾರಾವಾಹಿಗಳಲ್ಲಿ ದೂರು ಹೇಳುವ ನೆರೆಮನೆಯವನು, ತಪ್ಪು ಕಿಟಕಿಗೆ ಕಳಿಸುವ ಗುಮಾಸ್ತ. ಈಗಲೂ ಅಂಗಡಿಯಲ್ಲಿ ಜನ ತಡೆದು, 'ನೀವು ಆ ಇವರಲ್ಲವೇ' ಎನ್ನುತ್ತಾರಂತೆ. ಹೆಸರು ಮಾತ್ರ ಯಾರ ಬಾಯಿಗೂ ಬರುವುದಿಲ್ಲ.

ನಾನು ಆಗ ಹೇಳಿದೆ, ನಿಮ್ಮನ್ನು ನೋಡಿದ್ದೇನೆ ಎಂದು. ಧಾರವಾಡದಲ್ಲಿ, ಟೀವಿಯಲ್ಲಿ, ನಾನು ಆರೇಳು ವರ್ಷದವನಿದ್ದಾಗ. ನೀವು ತಂತಿ ಕಚೇರಿಯ ಗುಮಾಸ್ತ. ಗುಂಡು ತಗುಲಿ ಮೇಜಿನ ಮೇಲೆ ಬೀಳುತ್ತೀರಿ. ಆಮೇಲೆ ತಲೆಯೆತ್ತಿ ನೇರವಾಗಿ ನೋಡಿ, ಏನೋ ಹೇಳಿ ಸಾಯುತ್ತೀರಿ.

ಕೀಸ್ ಕಪ್ಪು ಕೆಳಗಿಟ್ಟರು. 'ತಲೆ ಎತ್ತಿದೆನಾ? ತುಟಿ ಅಲುಗಾಡಿತಾ?'

'ಹೌದು,' ಎಂದೆ. 'ನನ್ನನ್ನೇ ನೋಡಿ ಮಾತಾಡಿದ ಹಾಗಿತ್ತು.'

ಅವರು ಎದ್ದು ಕಿಟಕಿಯ ಬಳಿ ಹೋಗಿ ನಿಂತರು. ಆಮೇಲೆ ವಿಷಯ ಹೇಳಿದರು. ಆ ಧಾರಾವಾಹಿಗಳಲ್ಲಿ ಒಬ್ಬೊಬ್ಬ ನಟ ಒಂದೊಂದು ದೇಶದವನು. ಯಾರು ಯಾವ ಭಾಷೆಯಲ್ಲಾದರೂ ಮಾತಾಡಬಹುದಿತ್ತು. ಆಮೇಲೆ ಬೇರೆ ಯಾರೋ ದನಿ ಸೇರಿಸುತ್ತಿದ್ದರು. ಸಣ್ಣ ಪಾತ್ರದವರಿಗೆ ಮಾತೂ ಬರೆದಿರುತ್ತಿರಲಿಲ್ಲ, ಒಂದು, ಎರಡು, ಮೂರು ಎಂದು ಎಣಿಸಿ ಬಾಯಿ ಆಡಿಸು ಎನ್ನುತ್ತಿದ್ದರು. ತಂತಿ ಗುಮಾಸ್ತ ಸಾಯುವ ದಿನ ಬೆಳಿಗ್ಗೆ ಕೀಸ್ ಅವರಿಗೆ ಊರಿಂದ ಫೋನ್ ಬಂದಿತ್ತು: ಮಗಳು ಹುಟ್ಟಿದ್ದಾಳೆ, ಅನ್ನೆಕೆ ಎಂದು ಹೆಸರು. ಹೋಗಲು ಬಿಡಲಿಲ್ಲ. ಕ್ಯಾಮೆರಾ ಓಡುವಾಗ ಅವರು ಎಣಿಸಲಿಲ್ಲ, ಮಗಳ ಜೊತೆ ಮಾತಾಡಿದರು. ಆದರೆ ಪ್ರಸಾರವಾದದ್ದು ಹಿಂದಿನಿಂದ ತೆಗೆದ ಬೇರೆ ಚಿತ್ರಿಕೆ, ಮುಖವೇ ಇಲ್ಲ ಎಂದು ಯಾರೋ ಹೇಳಿದ್ದರು. ಅವರು ಸ್ವತಃ ಅದನ್ನು ನೋಡಿರಲಿಲ್ಲ. ಟೇಪುಗಳು ಈಗ ಎಲ್ಲೂ ಇಲ್ಲ.

ಅನ್ನೆಕೆ ಈ ಕಥೆಯನ್ನು ನಂಬಿಲ್ಲ. ಅವಳು ತಾಯಿಯ ಜೊತೆ ಬೆಳೆದವಳು. ಅಪ್ಪ ವರ್ಷದ ಬಹುಪಾಲು ಯಾವುದೋ ಬಿಸಿಲಲ್ಲಿ ಸಾಯುತ್ತಿದ್ದ. ಮದುವೆ ಮುರಿಯಿತು. 'ಬರದಿದ್ದಕ್ಕೆ ಕಟ್ಟಿದ ಕಥೆ ಅನ್ನುತ್ತಾಳೆ,' ಎಂದರು ಕೀಸ್. 'ಈಗ ನೀನಿದ್ದೀಯ. ಐರೋಪ್ಯನಲ್ಲ, ನನ್ನ ನೆಂಟನಲ್ಲ. ನೀನು ನೋಡಿದ್ದೀಯ.' ಮುಂದಿನ ತಿಂಗಳು ಅವರಿಗೆ ಎಂಬತ್ತು ತುಂಬುತ್ತಿತ್ತು. ಅನ್ನೆಕೆ ಬರುತ್ತಾಳೆ, ಅವಳ ಮುಂದೆ ಹೇಳು ಎಂದರು. ಆಗಲಿ ಎಂದೆ.

ಆ ತಿಂಗಳು ನನಗೆ ಇಲ್ಲಿ ಮೊದಲ ಸಲ ಹಿತವೆನಿಸಿತು. ಸೈಕಲ್ಲಿನಲ್ಲಿ ಎದುರುಗಾಳಿಗೆ ಬಗ್ಗಿ ಸ್ಟೇಷನ್ ತಲುಪುವುದು ಬಂತು. ಮಳೆಯ ಪ್ಯಾಂಟು ಚೀಲದಲ್ಲೇ ಇರಬೇಕೆಂದು ಗೊತ್ತಾಯಿತು. ಅಂಗಡಿಯಲ್ಲಿ ಡಚ್‌ನಲ್ಲಿ ಕೇಳಿದ ಪ್ರಶ್ನೆಗೆ ಹುಡುಗಿ ಇಂಗ್ಲಿಷಿಗೆ ತಿರುಗದೆ ಡಚ್‌ನಲ್ಲೇ ಉತ್ತರಿಸಿದ ದಿನ ಶೈಲಾ ಸಜ್ಜಿಗೆ ಮಾಡಿದಳು. ಕೀಸ್ ನನ್ನನ್ನು ಬೀದಿಯವರಿಗೆ 'ಇವನು ನನ್ನನ್ನು ಇಂಡಿಯಾದಲ್ಲಿ ನೋಡಿದ್ದ' ಎಂದೇ ಪರಿಚಯಿಸುತ್ತಿದ್ದರು. ವಲಸೆ ಬಂದವನಿಗೆ ಅದು ಸಣ್ಣ ಮಾತಲ್ಲ. ಅಷ್ಟು ದಿನ ನಾನು ಇಲ್ಲಿನದನ್ನೆಲ್ಲ ಕಲಿಯಬೇಕಾದವನಾಗಿದ್ದೆ. ಈಗ ಇಲ್ಲಿಯವರಿಗೆ ಗೊತ್ತಿರದ ಒಂದು ಸಂಗತಿ ನನ್ನಲ್ಲಿತ್ತು.

ಹುಟ್ಟುಹಬ್ಬಕ್ಕೆ ವಾರವಿರುವಾಗ ಧಾರವಾಡಕ್ಕೆ ಫೋನ್ ಮಾಡಿ ಸುಮಕ್ಕನಿಗೆ ಈ ಸುದ್ದಿ ಹೇಳಿದೆ. ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಕೇಳಿ ನಕ್ಕಳು.

'ಏ ರಗ್ಯಾ, ನೀ ಎಲ್ಲೆ ನೋಡೀಯೋ? ನಿನಗ ಆವಾಗ ಕಾಮಣಿ ಆಗಿತ್ತು. ಕಣ್ಣು ಹಳದಿ ಮಾಡ್ಕೊಂಡು ಹೊರಸಿನ ಮ್ಯಾಲೆ ಬಿದ್ದಿದ್ದಿ. ಕುಲಕರ್ಣ್ಯಾರ ಮನೀಗೆ ಹೋಗಿ ನೋಡಿ ಬಂದಾಕಿ ನಾನು. ಮಾಡಿ ತೋರಿಸಿದಾಕೀನೂ ನಾನ.'

ನಮ್ಮ ಓಣಿಯಲ್ಲಿ ಆಗ ಇದ್ದದ್ದು ಒಂದೇ ಟೀವಿ, ಕುಲಕರ್ಣಿಯವರದು. ಅದಿದ್ದ ಪಡಸಾಲೆಯಲ್ಲಿ ಎಲ್ಲರಿಗೂ ಜಾಗ ಇರುತ್ತಿರಲಿಲ್ಲ. ನೋಡಿದವರು ಮರುದಿನ ನಳದ ಹತ್ತಿರ, ಮೈದಾನದಲ್ಲಿ, ನೋಡದವರಿಗೆ ಇಡೀ ಕಥೆಯನ್ನು ಮಾಡಿ ತೋರಿಸಬೇಕು. ಅದು ಓಣಿಯ ಪದ್ಧತಿ. ಹಾಗೆ ನೋಡಿದವರೂ ಆಮೇಲೆ ತಾವು 'ನೋಡಿದ್ದೇವೆ' ಎಂದೇ ಹೇಳುತ್ತಿದ್ದರು. ಯಾರೂ ಅದನ್ನು ಸುಳ್ಳೆನ್ನುತ್ತಿರಲಿಲ್ಲ.

ಅವನು ತಲೆಯೆತ್ತಿದ್ದು ನಿಜವೇ ಎಂದು ಕೇಳಿದೆ.

'ಅಂವಾ ಮಾರಿ ಕೆಳಗ ಮಾಡಿ ಬಿದ್ದಿದ್ದ ಅನಸ್ತದ. ಟೊಪಿಗಿ ಅಷ್ಟ ಕಂಡ ನೆನಪು. ನಾ ಹಂಗ ಬಿದ್ರ ನೀ ಹೆದರಿ ಅಳತಿದ್ದಿ. ಅದಕ್ಕ ತಲಿ ಎತ್ತಿ, ರಗ್ಯಾ, ಗಂಜಿ ಕುಡಿ ಅಂತ ಹೇಳಿ ಸಾಯತಿದ್ದೆ. ನೀ ಕುಡೀತಿದ್ದಿ.' ಆಮೇಲೆ ಸೇರಿಸಿದಳು, 'ನನಗೂ ಈಗ ಖಾತ್ರಿ ಇಲ್ಲಪಾ.'

ಫೋನ್ ಇಟ್ಟ ಮೇಲೆ ನನ್ನನ್ನು ನಾನೇ ಸಮಾಧಾನ ಮಾಡಿಕೊಳ್ಳಲು ನೋಡಿದೆ. ಮುಖ ಗುರುತು ಸಿಕ್ಕಿತಲ್ಲ? ಕಿಟಕಿಯಲ್ಲಿ ಕಂಡ ತಕ್ಷಣ ಗುರುತು ಹಿಡಿದೆನಲ್ಲ? ಶೈಲಾಳನ್ನು ಕೇಳಿದೆ. ಅವಳು ಸೊಪ್ಪು ಬಿಡಿಸುತ್ತಿದ್ದವಳು ತಲೆಯೆತ್ತದೆ ಹೇಳಿದಳು, 'ಅವತ್ತು ನೀನು ಬಂದು, ಎದುರುಮನೆ ಅಜ್ಜ ಸೇಬು ಹೆಚ್ತಿದಾರೆ, ಪರದೇನೇ ಹಾಕಿಲ್ಲ ಅಂದೆ ಅಷ್ಟೆ. ಆ್ಯಕ್ಟರ್ ವಿಷಯ ಎಲ್ಲಾ ಅವರ ಮನೇಲಿ ಕಾಫಿ ಕುಡಿದ್ಮೇಲೆ.'

ಈ ಬರಹದ ಮೊದಲ ವಾಕ್ಯವನ್ನು ನಾನು ಹಾಗೇ ಬಿಟ್ಟಿದ್ದೇನೆ. ನನ್ನ ನೆನಪಿನಲ್ಲಿ ಅದು ಈಗಲೂ ಹಾಗೇ ಇದೆ. ಆದರೆ ಸಮೀಕ್ಷೆಯಲ್ಲಿ ಯಾರಾದರೂ ಅಂಥ ಉತ್ತರ ಕೊಟ್ಟಿದ್ದರೆ ನಾನು ಅದನ್ನು ಬದಿಗಿಡುತ್ತಿದ್ದೆ.

ಅಕ್ಕನ ನೆನಪು ನನ್ನದಕ್ಕಿಂತ ಗಟ್ಟಿ ಎಂದು ಹೇಗೆ ಹೇಳುವುದು ಎಂದೂ ವಾದಿಸಿಕೊಂಡೆ. ಹೇಳಲಾಗದು. ಆದರೆ ಸಾಯುವವನು ನನ್ನನ್ನೇ ನೋಡಿದ್ದು ಯಾಕೆಂದು ಅವಳ ಮಾತಿನಿಂದ ತಿಳಿಯುತ್ತಿತ್ತು. ಅಲ್ಲಿ ಇನ್ಯಾರೂ ಇರಲಿಲ್ಲ. ಹೊರಸಿನ ಮೇಲೆ ನಾನು, ಎದುರಿಗೆ ಅಕ್ಕ. ಹುಟ್ಟುಹಬ್ಬಕ್ಕೆ ಮೊದಲೇ ಕೀಸ್‌ಗೆ ಹೇಳಿಬಿಡಬೇಕೆಂದು ಎರಡು ಸಲ ಅವರ ಬಾಗಿಲವರೆಗೆ ಹೋದೆ. ಒಮ್ಮೆ ಅವರು ಕುರ್ಚಿಗಳನ್ನು ಒರೆಸುತ್ತಿದ್ದರು. ಇನ್ನೊಮ್ಮೆ ಫೋನಿನಲ್ಲಿ, 'ಅನ್ನೆಕೆ, ನೀನೇ ಕೇಳುವೆಯಂತೆ,' ಎನ್ನುತ್ತಿದ್ದರು. ಹಿಂದಿರುಗಿದೆ.

ಇಲ್ಲಿ ಹುಟ್ಟುಹಬ್ಬಕ್ಕೆ ಕುರ್ಚಿಗಳನ್ನು ಗೋಡೆಗೆ ತಾಗಿಸಿ ದುಂಡಗೆ ಇಡುತ್ತಾರೆ. ಒಳಗೆ ಬಂದವರು ಆ ಸುತ್ತಿನಲ್ಲಿ ಪ್ರತಿಯೊಬ್ಬರ ಕೈ ಕುಲುಕಿ ಅಭಿನಂದಿಸಬೇಕು. ಹುಟ್ಟುಹಬ್ಬದವರನ್ನಷ್ಟೇ ಅಲ್ಲ, ಅವರಿಗೆ ಸಂಬಂಧಪಟ್ಟವರನ್ನೂ. ಹೆಂಡತಿಗೆ 'ನಿಮ್ಮ ಗಂಡನಿಗಾಗಿ', ಮಗಳಿಗೆ 'ನಿಮ್ಮ ತಂದೆಗಾಗಿ ಅಭಿನಂದನೆ' ಎನ್ನಬೇಕು. ಅನ್ನೆಕೆ ಎತ್ತರದ ಹೆಂಗಸು, ಐವತ್ತು ದಾಟಿದವರು, ಅಪ್ಪನದೇ ಉದ್ದ ಮುಖ. ನಾನು ಬಾಯಿಪಾಠ ಮಾಡಿದ್ದನ್ನು ಹೇಳಿದಾಗ ಅವರು, 'ಅದನ್ನು ಆಮೇಲೆ ನೋಡೋಣ,' ಎಂದು ನಕ್ಕರು.

ಕೇಕು ಬಂತು, ಒಬ್ಬರಿಗೆ ಒಂದು ತುಂಡು. ಕಾಫಿ ಬಂತು. ಎರಡನೆಯ ಸುತ್ತಿನ ಕಾಫಿಗೆ ಕೀಸ್ ಚಮಚದಿಂದ ಕಪ್ಪು ತಟ್ಟಿದರು. 'ಬ್ಯೂರ್ಮಾನ್,' ಎಂದರು ನನಗೆ. ನೆರೆಯವನೇ ಎಂದರ್ಥ. 'ಹೇಳು.'

ನಾನು ಬಾಯಿ ತೆರೆಯುವ ಮೊದಲು ಅನ್ನೆಕೆ ಕೇಳಿದರು, 'ನೀವು ನೋಡಿದ್ದೀರಾ?'

ಧಾರವಾಡದಲ್ಲಾಗಿದ್ದರೆ ಅದು ಪ್ರಶ್ನೆಯೇ ಅಲ್ಲ. ಎಂಬತ್ತು ತುಂಬಿದ ಹಿರಿಯರು ಸುತ್ತ ಜನ ಕೂಡಿಸಿ ಕೇಳಿದಾಗ ಹೂಂ ಎನ್ನುವುದು ಮರ್ಯಾದೆ. ಕೇಳಿದವರಿಗೂ ಅದು ಗೊತ್ತು. ಇಲ್ಲಿ ಕೇಳಿದರೆ ಕೇಳಿದ್ದಕ್ಕೆ ಉತ್ತರ ಬೇಕು. ಅನ್ನೆಕೆಯ ಕಣ್ಣು ನನ್ನ ಮೇಲಿತ್ತು. ಮುರುಕು ಡಚ್‌ನಲ್ಲಿ, ನಡುವೆ ಇಂಗ್ಲಿಷ್ ಬೆರೆಸಿ ಹೇಳಿದೆ. ನೋಡಿದ್ದೇನೆಂದು ತಿಳಿದಿದ್ದೆ. ನೋಡಿದ್ದು ನನ್ನ ಅಕ್ಕ. ಅವಳು ಮಾಡಿ ತೋರಿಸಿದಳು. ಅವಳು ತಲೆಯೆತ್ತಿ ಮಾತಾಡಿದಳು. ಕೀಸ್ ತಲೆಯೆತ್ತಿದರೋ ಇಲ್ಲವೋ ಅವಳಿಗೆ ನೆನಪಿಲ್ಲ, ನನಗೆ ಗೊತ್ತಿಲ್ಲ.

ಯಾರೋ ಕೇಕಿನ ತಟ್ಟೆ ಕೆಳಗಿಟ್ಟರು.

'ಅಂದರೆ ನೋಡಿಲ್ಲ,' ಎಂದರು ಕೀಸ್. ಎದ್ದು ಕಾಫಿಯ ಜಗ್ಗು ತೆಗೆದುಕೊಂಡು, ಕುಡಿದು ಮುಗಿಸಿರದವರ ಕಪ್ಪಿಗೂ ಸುರಿಯುತ್ತ ಹೋದರು.

ಹೊರಗೆ ಅನ್ನೆಕೆ ಸೈಕಲ್ಲಿನ ಬೀಗ ತೆಗೆಯುತ್ತಿದ್ದರು. ನಾನು ಕ್ಷಮೆ ಕೇಳಿದೆ. ಅವರು ಬೇಡವೆಂದರು, ಇದ್ದದ್ದನ್ನು ಇದ್ದ ಹಾಗೆ ಹೇಳಿದಿರಿ, ಅದು ಒಳ್ಳೆಯದು ಎಂದರು. ಸೈಕಲ್ಲನ್ನು ನಾಲ್ಕು ಹೆಜ್ಜೆ ತಳ್ಳಿಕೊಂಡು ಹೋಗಿ ನಿಂತರು.

'ನಾನು ಇವತ್ತು ನಂಬಬೇಕು ಅಂತಲೇ ಬಂದಿದ್ದೆ,' ಎಂದರು.

ಅಕ್ಕನಿಗೆ ಇದನ್ನು ಹೇಳಿದಾಗ ಅವಳಿಗೆ ಸಿಟ್ಟು ಬಂತು. 'ಹೂಂ ಅನ್ನಬೇಕಿತ್ತು. ಆ ಮುದುಕಗ ಹೂಂ ಅಂದಿದ್ರ ನಿನ್ನ ಗಂಟೇನ್ ಹೋಗತಿತ್ತು? ಭಾಳ ಓದಿ ಹಿಂಗಾಗೀಯಪಾ ನೀ.' ಸರಿ ಎಂದವರು ಇಲ್ಲಿಯವರು, ತಪ್ಪು ಎಂದವರು ನನ್ನವರು. ಹಾಗೆಂದುಕೊಂಡು ಸುಮ್ಮನಿರಬಹುದಿತ್ತು. ಆದರೆ ನಿಜ ಹೇಳಿಸಿಕೊಂಡವರೇ ನಿಜ ಬೇಡವಾಗಿತ್ತು ಎಂದಿದ್ದರು. ನಾನು ಯಾವ ಊರಿನ ನಿಯಮಕ್ಕೆ ಬದ್ಧನಾಗಿ ಮಾತಾಡಿದೆ ಎಂಬುದು ನನಗೇ ತಿಳಿಯದಾಯಿತು.

ಆಮೇಲೆ ಕೆಲವು ವಾರ ಕೀಸ್ ರಸ್ತೆಯಲ್ಲಿ ಸಿಕ್ಕರೆ ನಮಸ್ಕಾರ ಹೇಳುತ್ತಿದ್ದರು, ಅಷ್ಟೆ. ಬೀದಿಯವರಿಗೆ ನಾನು ಮತ್ತೆ ಎದುರುಮನೆಯ ಇಂಡಿಯಾದವನಾದೆ. ಒಂದು ಭಾನುವಾರ ಅವರೇ ಗಂಟೆ ಒತ್ತಿದರು, ಮುಂಚೆ ತಿಳಿಸದೆ. ಈ ದೇಶದಲ್ಲಿ ನನ್ನ ಬಾಗಿಲಿಗೆ ಹಾಗೆ ಬಂದ ಮೊದಲನೆಯವರು ಅವರು. ಒಳಗೆ ಬಂದು, ಕೋಟು ತೆಗೆಯದೆ, ನಮ್ಮ ಊಟದ ಮೇಜನ್ನು ನೋಡುತ್ತ ನಿಂತರು.

'ನಿನ್ನ ಅಕ್ಕ ಹೇಗೆ ಸತ್ತಳು, ತೋರಿಸು.'

ನನಗೆ ನಟನೆ ಬರುವುದಿಲ್ಲ ಎಂದೆ. ಅವರು ಕುರ್ಚಿ ಎಳೆದು ಕೊಟ್ಟರು. ನಾನು ಕೂತು, ಎದೆಗೆ ಕೈಯಿಟ್ಟು, ಮೇಜಿನ ಮೇಲೆ ಬಿದ್ದೆ. ತಲೆಯೆತ್ತಿ, 'ರಗ್ಯಾ, ಗಂಜಿ ಕುಡಿ,' ಎಂದೆ. ಅಡುಗೆಮನೆಯಲ್ಲಿ ಶೈಲಾ ನಲ್ಲಿ ನಿಲ್ಲಿಸಿದಳು. ಏನೆಂದು ಕೀಸ್ ಕೇಳಿದರು, ಅರ್ಥ ಹೇಳಿದೆ. ಅವರು ನಗಲಿಲ್ಲ.

'ಬೇಗ ಎದ್ದೆ,' ಎಂದರು. 'ಗುಂಡು ತಿಂದವನಿಗೆ ತಲೆ ಭಾರ ಇರುತ್ತದೆ. ಇನ್ನೊಮ್ಮೆ.'

ಇನ್ನೊಮ್ಮೆ ಬಿದ್ದೆ. ಕೆನ್ನೆಗೆ ಮರ ತಣ್ಣಗಿತ್ತು. ಎದ್ದಾಗ ಯಾರನ್ನು ನೋಡಬೇಕು ಎಂದು ಬಿದ್ದಲ್ಲಿಂದಲೇ ಕೇಳಿದೆ.

'ನಾನು ಅನ್ನೆಕೆಯನ್ನು ನೋಡಿದೆ,' ಎಂದರು ಅವರು. 'ನೀನು ಯಾರನ್ನು ನೋಡುತ್ತೀಯೋ ನನಗೇನು ಗೊತ್ತು.'

ನಾನು ಬಹಳ ಹೊತ್ತು ತಲೆ ಎತ್ತಲಿಲ್ಲ. ಅವರು ಅವಸರ ಮಾಡಲಿಲ್ಲ.