ಐದೈದರ ಕಟ್ಟು

ತೊಂಬತ್ತರ ದಶಕದ ಕೊನೆಯಲ್ಲಿ ಉಡುಪಿಯ ಒಂದು ನರ್ಸಿಂಗ್ ಹೋಮಿನಲ್ಲಿ ನನ್ನನ್ನು ಆಪರೇಷನ್ ಥಿಯೇಟರಿನ ಇನ್‌ಚಾರ್ಜ್ ಸಿಸ್ಟರ್ ಮಾಡಿದರು. ನನಗೆ ಮೂಗಿನ ತುದಿಯಲ್ಲೇ ಕೋಪ. ನಗು ಕೇಳಿಸಿತೆಂದರೆ ಎಲ್ಲೋ ಕೆಲಸ ಹಾಳಾಗುತ್ತಿದೆ ಎಂದೇ ನನ್ನ ಲೆಕ್ಕ.

ಶಸ್ತ್ರಕ್ರಿಯೆಯ ವೇಳೆ ಹೊಟ್ಟೆಯೊಳಗಿನ ರಕ್ತ ಹೀರಲು ಇಡುವ ಬಟ್ಟೆಯ ಮಾಪ್‌ಗಳನ್ನು ಆಗ ನಾವೇ ಹೊಲಿದು, ಮಡಚಿ, ಐದೈದರ ಕಟ್ಟು ಮಾಡಿ ಸ್ಟೆರಿಲೈಸ್ ಮಾಡುವ ಡ್ರಮ್ಮಿಗೆ ತುಂಬುತ್ತಿದ್ದೆವು. ನನ್ನ ಕೈಕೆಳಗಿನ ಇಬ್ಬರು ನರ್ಸುಗಳು, ಒಬ್ಬಳು ಕಾಪುವಿನವಳು, ಇನ್ನೊಬ್ಬಳು ಹಿರಿಯಡ್ಕದವಳು, ಆ ಕೆಲಸದಲ್ಲೇ ಒಂದು ಆಟ ಹೂಡಿದ್ದರು. ಒಬ್ಬಳು ಬೇಕೆಂದೇ ಒಂದು ಕಟ್ಟಿನಲ್ಲಿ ಆರು ಇಡಬೇಕು; ಡ್ರಮ್ಮು ತುಂಬುವ ಮೊದಲು ಇನ್ನೊಬ್ಬಳು ಅದನ್ನು ಕಣ್ಣಳತೆಯಲ್ಲೇ ಹಿಡಿಯಬೇಕು. ಸೋತವಳದ್ದು ಚಹಾ. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಒಂದು ಮಧ್ಯಾಹ್ನ ನನಗೆ ಕಂಡದ್ದು ಇಷ್ಟೇ: ಬೆಳಗಿನಿಂದ ನಾಲ್ಕು ಆಪರೇಷನ್‌ಗೆ ನಿಂತು ಕಾಲು ಸೋತವರು ಬಿದ್ದು ಬಿದ್ದು ನಗುತ್ತಿದ್ದರು. ನನಗೆ ಉರಿಯಿತು. ಇದೆಂತ ಬಾಲವಾಡಿಯಾ ಎಂದು ಬಾಯಿಗೆ ಬಂದಂತೆ ಬೈದು, ಕಟ್ಟುಗಳನ್ನೆಲ್ಲ ನಾನೇ ಬಾಚಿ ಡ್ರಮ್ಮಿಗೆ ಹಾಕಿದೆ.

ಮರುದಿನ ಬೆಳಿಗ್ಗೆ ಕಟ್ಟಡ ಕೆಲಸದ ಹೆಂಗಸೊಬ್ಬಳನ್ನು ತಂದರು. ಬಾಗಲಕೋಟೆ ಕಡೆಯವಳು, ಗರ್ಭಕೋಶದ ಹೊರಗೆ ನಾಳದಲ್ಲೇ ಬಸಿರು ನಿಂತು, ನಾಳ ಒಡೆದು ಹೊಟ್ಟೆ ತುಂಬ ರಕ್ತ. ಕೊನೆಗೆ ಒಂದೂ ಹೊಟ್ಟೆಯೊಳಗೆ ಉಳಿಯಬಾರದೆಂದು, ಕಟ್ಟು ಬಿಚ್ಚಿ ಮಾಪ್‌ಗಳನ್ನು ಒಂದೊಂದಾಗಿ ಎಣಿಸಿಯೇ ಕೊಡಬೇಕೆಂಬುದು ನಿಯಮ. ಬಿಪಿ ಇಳಿಯುತ್ತಿತ್ತು, ಡಾಕ್ಟರು ಕೈ ಚಾಚಿ ನಿಂತಿದ್ದರು. ನಾನು ಕಟ್ಟುಗಳನ್ನಷ್ಟೇ ಎಣಿಸಿದೆ. ನಾಲ್ಕು ಕಟ್ಟು, ಇಪ್ಪತ್ತು.

ಮುಕ್ಕಾಲು ಗಂಟೆಯ ಮೇಲೆ ರಕ್ತ ನಿಂತಿತು. ಹೊರಗೆ ತೆಗೆದ ಮಾಪ್‌ಗಳನ್ನು ಎಣಿಸಿದೆ. ಇಪ್ಪತ್ತು. ಸರಿ ಉಂಟು ಎಂದೆ. ಡಾಕ್ಟರು ಹೊಲಿಗೆಯ ಸೂಜಿ ಕೇಳಿದರು. ಕೊಡಬೇಕಾದವಳು ಕಾಪುವಿನ ಹುಡುಗಿ, ಕೊಡಲಿಲ್ಲ. ಡಾಕ್ಟರು ಮತ್ತೊಮ್ಮೆ ಕೇಳಿದರು. ಅವಳು ನನ್ನನ್ನೇ ನೋಡುತ್ತಿದ್ದಳು.

"ಸಿಸ್ಟರ್, ಒಂದು ಕಟ್ಟಿನಲ್ಲಿ ಆರು ಇತ್ತು. ನಿನ್ನೆ ನಾನೇ ಇಟ್ಟದ್ದು."

ಆ ಕಟ್ಟು ಈ ನಾಲ್ಕರಲ್ಲಿತ್ತೋ, ಇನ್ನೂ ಡ್ರಮ್ಮಿನಲ್ಲೇ ಇತ್ತೋ ಯಾರಿಗೂ ಗೊತ್ತಿರಲಿಲ್ಲ. ಅರಿವಳಿಕೆಯ ಡಾಕ್ಟರು ಬೇಗ ಮುಗಿಸಿ ಎನ್ನುತ್ತಿದ್ದರು. ಆಪರೇಷನ್ ಮಾಡುತ್ತಿದ್ದ ಡಾಕ್ಟರು ಮತ್ತೆ ಹೊಟ್ಟೆಯೊಳಗೆ ಕೈ ಹಾಕಿದರು. ಯಕೃತ್ತಿನ ಕೆಳಗೆ ಏನೂ ಇಲ್ಲ. ಎಡಬದಿಯಲ್ಲೂ ಇಲ್ಲ. ಕೊನೆಗೆ ಕರುಳಿನ ಸಂದಿಯಿಂದ ರಕ್ತದಲ್ಲಿ ತೊಯ್ದ ಮುದ್ದೆಯೊಂದನ್ನು ಎಳೆದು ಟ್ರೇಗೆ ಹಾಕಿದರು. ಇಪ್ಪತ್ತೊಂದು.

ಯಾರು ಎಣಿಸಿದ್ದು ಎಂದು ಕೇಳಿದರು. ನಾನು ಎಂದೆ.

ಹೆಂಗಸು ಬದುಕಿದಳು. ನಿನ್ನೆಯೇ ಯಾಕೆ ಹೇಳಲಿಲ್ಲ ಎಂದು ಹುಡುಗಿಯನ್ನು ಕೇಳಿದೆ. ಎರಡು ಸಲ ಹೇಳಲು ಬಂದು, ನನ್ನ ಮುಖ ನೋಡಿ ವಾಪಸು ಹೋಗಿದ್ದಳಂತೆ. ಆಟ ಮುಗಿಸಲು ಬಿಟ್ಟಿದ್ದರೆ ಹಿರಿಯಡ್ಕದವಳು ಹಿಡಿದೇ ಹಿಡಿಯುತ್ತಿದ್ದಳು. ಅವಳು ಹಿಡಿಯದ ದಿನವೇ ಇರಲಿಲ್ಲವಂತೆ. ಕಟ್ಟು ಬಿಚ್ಚದೆ ಎಣಿಸಿದ ನಾನು, ಆ ಕಣ್ಣುಗಳಿಗೆ ಶಿಸ್ತು ಕಲಿಸಲು ಹೊರಟಿದ್ದೆ. ತುಂಬ ನಾಚಿಕೆಯಾಯಿತು.

ಅಂದು ಮಧ್ಯಾಹ್ನ ನಾನೂ ಅವರ ಜೊತೆ ಮಡಚಲು ಕುಳಿತೆ. ಒಂದರಲ್ಲಿ ಆರು ಇಡಿ, ನಾನು ಹುಡುಕುತ್ತೇನೆ, ಸೋತರೆ ಚಹಾ ನನ್ನದು ಎಂದೆ. ಇಬ್ಬರೂ ಮಡಚುತ್ತಲೇ ಇದ್ದರು.

"ಬೇಡ ಸಿಸ್ಟರ್," ಎಂದಳು ಕಾಪುವಿನವಳು. "ಎಲ್ಲದರಲ್ಲೂ ಐದೇ ಉಂಟು."