ಗೌರಿ ಟೀಚರ್ ಹೇಳಿದ ಮೆಣಸಿನ ಪಾಠ

ಗೌರಿ ಟೀಚರ್ ಪುಸ್ತಕ ಮುಚ್ಚುವ ಸದ್ದು ಪಕ್ಕದ ತರಗತಿಗೂ ಕೇಳುತ್ತಿತ್ತು. ರಾಜನ ಪಟ್ಟಾಭಿಷೇಕದ ನಡುವೆಯೇ ಫಟ್ಟೆಂದು ಮುಚ್ಚಿ, "ಆಗ ನಮ್ಮೂರಲ್ಲಿ ಯಾರಿದ್ರು? ಏನು ಉಣ್ತಿದ್ರು?" ಎಂದು ಕೇಳುವರು. ಗಡಿಯಾಚೆ, ಪುಲ್ಪಳ್ಳಿ ಕಡೆಯ ನಮ್ಮ ಶಾಲೆಯಲ್ಲಿ ಅವರ ಪಾಠ ಮಲಯಾಳದಲ್ಲಿ. ಕನ್ನಡದ ಮನೆಯ ಮಕ್ಕಳಾದ ನಮಗೆ ಬೈಗುಳ ಮಾತ್ರ ಕನ್ನಡದಲ್ಲಿ.

ನಾಲ್ಕನೇ ತರಗತಿಯಲ್ಲಿ, ಮೆಣಸಿಗಾಗಿ ಕಡಲು ದಾಟಿ ಬಂದ ಹಡಗುಗಳ ಪಾಠ. ಟೀಚರ್ ಅಂಗಳದ ಬಳ್ಳಿಯಿಂದ ಎಳೆಯ ಕಾಳುಮೆಣಸು ಕಿತ್ತು ತಂದು ಎಲ್ಲರ ಅಂಗೈಗೂ ಹಾಕಿದರು.

"ಕಡೀರಿ. ಇದಕ್ಕೇ ಅವರು ಬಂದದ್ದು. ಹಡಗಿನವರ ಹೆಸರು ಪುಸ್ತಕದಲ್ಲುಂಟು. ಕೊಯ್ದವರದ್ದು?"

"ನನ್ನಜ್ಜಿ ಕೊಯ್ತಾಳೆ ಟೀಚರೆ," ಎಂದಳು ಕಾಡಂಚಿನ ಆದಿವಾಸಿ ಹಾಡಿಯ ಹುಡುಗಿ ಚಿಕ್ಕಿ.

"ನಾಳೆ ಕರ್ಕೊಂಡು ಬಾ."

ಅಜ್ಜಿ ಬಂದು ಬಾಗಿಲಲ್ಲೇ ನಿಂತಳು. ಟೀಚರ್ ಕೈಹಿಡಿದು ತಂದು ತಮ್ಮ ಕುರ್ಚಿಯಲ್ಲಿ ಕೂರಿಸಿದರು. ತನ್ನ ಅವ್ವ ಒಂದಿಷ್ಟು ಭತ್ತಕ್ಕೆ ವರ್ಷಪೂರ್ತಿ ಜೀತಕ್ಕೆ ನಿಂತಿದ್ದನ್ನು ಅಜ್ಜಿ ಹೇಳಿದಳು. ಯಾರ ತೋಟದಲ್ಲಿ ಎಂದು ಟೀಚರ್ ಕೇಳಿದಾಗ ನನ್ನತ್ತ ನೋಡಿದಳು. ನನ್ನ ಮುತ್ತಜ್ಜನ ತೋಟ. ನಾನು ತಲೆ ತಗ್ಗಿಸಿದೆ.

"ತಲೆ ಎತ್ತು," ಎಂದರು ಟೀಚರ್. "ನೀನು ಮಾಡಿದ್ದಲ್ಲ. ಆದ್ರೆ ಕೇಳು."

ಮರುದಿನ ಅಪ್ಪ ಶಾಲೆಗೆ ನುಗ್ಗಿದರು. "ಚರಿತ್ರೆ ಅಂದ್ರೆ ರಾಜರ ಕತೆ. ನಮ್ಮನೆ ವಿಷಯ ಯಾಕೆ?"

"ರಾಜ ಉಂಡ ಅನ್ನ ಯಾರ ಗದ್ದೇದು ಗೌಡ್ರೆ? ನಿಮ್ಮ ಹಿರೀಕರು ಗಡಿ ದಾಟಿ ಬಂದು ಹೇಗೆ ಬದುಕಿದ್ರು, ನೀವೂ ಬಂದು ಹೇಳಿ. ಮಕ್ಕಳು ಎರಡೂ ಕೇಳ್ಲಿ."

ಅಪ್ಪನ ಕ್ಷಮೆ ಕೇಳುವಂತೆ ಹೆಡ್‌ಮಾಷು ಟೀಚರಿಗೆ ಹೇಳಿದರು.

"ತಪ್ಪು ಹೇಳಿದ್ರೆ ತಿದ್ಕೊಳ್ತೇನೆ ಮಾಷೆ. ಕ್ಷಮೆ ಯಾತಕ್ಕೆ?"

ಅಪ್ಪ ತರಗತಿಗೆ ಬರಲಿಲ್ಲ. ಆ ವರ್ಷವೇ ಟೀಚರಿಗೆ ವರ್ಗವಾಯಿತು. ಹೊರಡುವ ದಿನವೂ ಕೊನೆಯ ಗಂಟೆ ಹೊಡೆಯುವವರೆಗೆ ಪಾಠ ಮಾಡಿಯೇ ಹೋದರು.

ಕಳೆದ ವರ್ಷ ಮಾನಂದವಾಡಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ತಲೆ ಪೂರ್ತಿ ಬೆಳ್ಳಗಾಗಿತ್ತು. ದನಿ ಹಾಗೇ ಇತ್ತು. ನನ್ನ ಮಗಳೂ ಈಗ ಶಾಲೆಗೆ ಹೋಗುತ್ತಾಳೆ ಎಂದೆ.

"ಹಳೇದೆಲ್ಲ ಅವಳಿಗೆ ಯಾರು ಹೇಳ್ತಾರೆ?"

"ಶಾಲೇಲಿ ಹೇಳ್ತಾರೆ ಟೀಚರೆ."

"ಅವರು ಹೇಳ್ಲಿ ಮೋಳೆ," ಎಂದರು, ಮಗಳೇ ಎನ್ನುವುದನ್ನು ಮಲಯಾಳದಲ್ಲೇ. " ನಿನಗೆ ಬಾಯಿಲ್ವಾ?"

ತಿರುನೆಲ್ಲಿಯ ಬಸ್ಸು ಬಂತು. ಜನರನ್ನು ಸರಿಸಿಕೊಂಡು ಹತ್ತಿದರು.

ಈ ಮಳೆಗಾಲದಲ್ಲಿ ಟೀಚರ್ ತೀರಿಕೊಂಡರು. ಸುದ್ದಿ ಬಂದ ದಿನ ಊಟಕ್ಕೆ ಕೂತಾಗ ಮಗಳೆದುರೇ ಅಪ್ಪನನ್ನು ಕೇಳಿದೆ: "ಮುತ್ತಜ್ಜನ ತೋಟದಲ್ಲಿ ಯಾರ್ಯಾರು ದುಡೀತಿದ್ರು, ಹೇಳಿ."

ಅಪ್ಪ ತಟ್ಟೆ ಬಿಟ್ಟು ಎದ್ದರು. ಅವರಿನ್ನೂ ಕೈ ತೊಳೆಯುತ್ತಿದ್ದರು. ಅವರಿಗೂ ಕೇಳುವಂತೆ ನಾನೇ ಮಗಳಿಗೆ ಹೇಳಲು ಶುರುಮಾಡಿದೆ.